ಉದ್ಯಾನ ರೂಪಿಸುವವರ ಹೆಸರಿನ ಮುಂದಿನ ಅಕ್ಷರಗಳು

ಹೆಸರಿನ ಮುಂದೆ ಅಕ್ಷರ ಬರೆದುಕೊಳ್ಳುವುದು ನಮ್ಮ ಚಿಕ್ಕಬಳ್ಳಾಪುರ ಸೀಮೆಗೆ ಹೊಸದಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಪುಣೆಯಲ್ಲಿ ಎಂಜಿನಿಯರಿಂಗ್ ಓದಿ 1883ರಲ್ಲಿ ಎಲ್.ಸಿ.ಇ. ಪಡೆದರು. 1911ರಲ್ಲಿ ಸಿ.ಐ.ಇ., 1915ರಲ್ಲಿ ಕೆ.ಸಿ.ಐ.ಇ. ಬಂದವು. ಮೊದಲನೆಯದು ಓದಿ ಗಳಿಸಿದ್ದು, ಉಳಿದೆರಡು ಬ್ರಿಟಿಷ್ ಸರ್ಕಾರ ಕೊಟ್ಟ ಗೌರವ. 1955ರಲ್ಲಿ ಬಂದ ಭಾರತರತ್ನದ ರೀತಿಯೇ ಬೇರೆ. ಅಂಥ ಪ್ರಶಸ್ತಿಗಳನ್ನು ಹೆಸರಿನ ಹಿಂದೆ ಮುಂದೆ ಸೇರಿಸಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿತು.

ಉದ್ಯಾನ ರೂಪಿಸುವವರಿಗೆ ಅಕ್ಷರ ಸಿಕ್ಕಿದ್ದು ತಡವಾಗಿ. ಜರ್ಮನಿಯ ಜಿ.ಎಚ್. ಕೃಂಬಿಗಲ್ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಪಳಗಿ, ಬರೋಡಾದಲ್ಲಿ ದುಡಿದು, 1908ರಲ್ಲಿ ಲಾಲ್‌ಬಾಗಿಗೆ ಬಂದರು. ವರ್ಷವಿಡೀ ಬೆಂಗಳೂರಿನ ಒಂದಲ್ಲ ಒಂದು ಬೀದಿ ಹೂಬಿಟ್ಟಿರಬೇಕೆಂದು ಲೆಕ್ಕ ಹಾಕಿ ಮರ ನೆಡಿಸಿದವರು ಅವರು. ಆ ಕೆಲಸಕ್ಕೆ ಪದವಿ ಕೊಡುವ ವಿದ್ಯಾಲಯ ಆಗ ಭಾರತದಲ್ಲಿ ಇರಲಿಲ್ಲ.

ಅಮೆರಿಕದಲ್ಲಿ ಆ ಹೊತ್ತಿಗಾಗಲೇ ದಾರಿ ತೆರೆದಿತ್ತು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಓಲ್ಮ್‌ಸ್ಟೆಡ್ ಮತ್ತು ವಾಕ್ಸ್ 1860ರ ದಶಕದಲ್ಲೇ ತಮ್ಮನ್ನು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಎಂದು ಕರೆದುಕೊಂಡರು. 1899ರಲ್ಲಿ ಅಲ್ಲಿ ವೃತ್ತಿಸಂಘ ಹುಟ್ಟಿತು. ಅದರ ಸದಸ್ಯರು ಎ.ಎಸ್.ಎಲ್.ಎ. ಎಂದೂ, ಫೆಲೋಗಳು ಎಫ್.ಎ.ಎಸ್.ಎಲ್.ಎ. ಎಂದೂ ಇಂದಿಗೂ ಬರೆದುಕೊಳ್ಳುತ್ತಾರೆ. ನಮ್ಮಲ್ಲಿ ಇಂಡಿಯನ್ ಸೊಸೈಟಿ ಆಫ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ಸ್ ಸ್ಥಾಪನೆಯಾದದ್ದು 2003ರಲ್ಲಿ.

ನಿಜವಾದ ತೊಡಕಿರುವುದು 1972ರ ಆರ್ಕಿಟೆಕ್ಟ್ಸ್ ಕಾಯ್ದೆಯಲ್ಲಿ. ನೋಂದಣಿ ಇಲ್ಲದವರು ನೋಂದಣಿ ಇದೆಯೆನ್ನಿಸುವಂಥ ಪದವನ್ನಾಗಲಿ ಅಕ್ಷರವನ್ನಾಗಲಿ ಹೆಸರಿಗೆ ಸೇರಿಸಿಕೊಂಡರೆ ಸಾವಿರ ರೂಪಾಯಿವರೆಗೆ ದಂಡ ಎನ್ನುತ್ತದೆ 36ನೇ ಕಲಂ. ಆರ್ಕಿಟೆಕ್ಟ್ ಎಂಬ ಹೆಸರನ್ನು ನೋಂದಾಯಿತರಿಗೆ ಮಾತ್ರ ಮೀಸಲಿಡುವುದು 37ನೇ ಕಲಂ. ಆದರೆ ಅದೇ ಕಲಮಿನಲ್ಲಿ ಎರಡು ಹೆಸರುಗಳಿಗೆ ವಿನಾಯಿತಿ ಇದೆ: ಹಡಗು ವಿನ್ಯಾಸ ಮಾಡುವ ನೇವಲ್ ಆರ್ಕಿಟೆಕ್ಟ್ ಮತ್ತು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್. ಗಿಡ, ಮರ, ಬಯಲಿನ ವಿನ್ಯಾಸ ಮಾಡುವವರೆಂದು ಕಾಯ್ದೆ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರನ್ನು ವಿವರಿಸಿ, ಅಲ್ಲಿಗೇ ಕೈಬಿಟ್ಟಿದೆ. ಮನೆಯ ನಕ್ಷೆ ಬರೆಯುವವರ ಹೆಸರಿಗೆ ಕಾವಲಿದೆ, ಮನೆಯ ಸುತ್ತಲಿನ ನೆಲದ ನಕ್ಷೆ ಬರೆಯುವವರ ಹೆಸರಿಗಿಲ್ಲ. ವರ್ಷಗಟ್ಟಲೆ ಓದಿ ಎಂ.ಎಲ್.ಎ. (ಮಾಸ್ಟರ್ ಆಫ್ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಚರ್) ಅಥವಾ ಎಂ.ಆರ್ಕ್. ಮಾಡಿದವರೂ ಹುಲ್ಲುಹಾಸು ಮಾರುವವರೂ ಒಂದೇ ಬೋರ್ಡು ಹಾಕಿಕೊಳ್ಳಬಹುದು. ಇದು ಅನ್ಯಾಯ.

ಗೌರಿಬಿದನೂರಿನಂಥ ಊರಿಗೆ ಇದು ಸಣ್ಣ ಮಾತಲ್ಲ. ಉತ್ತರ ಪಿನಾಕಿನಿ ಹರಿಯುವ ತಾಲ್ಲೂಕಾದರೂ ಇಲ್ಲಿನ ಬದುಕು ಕೆರೆ ಮತ್ತು ಕೊಳವೆಬಾವಿಗಳನ್ನು ನಂಬಿದೆ. ಮಳೆನೀರು ಯಾವ ಕಾಲುವೆ ಹಿಡಿದು ಕೆರೆಗೆ ಬರುತ್ತದೆಂದು ತಿಳಿಯದವರು ಬಡಾವಣೆಯ ಉದ್ಯಾನ ಮಾಡಿದರೆ ಆ ಕಾಲುವೆಯೇ ಮುಚ್ಚಿಹೋಗುತ್ತದೆ. ಹೊಂಗೆ, ಬೇವು ಬೆಳೆಯುವ ನೆಲದಲ್ಲಿ ನೀರು ಕುಡಿಯುವ ಹುಲ್ಲು ಹಾಸಿದರೆ ಬೇಸಿಗೆಯಲ್ಲಿ ಟ್ಯಾಂಕರ್ ಕರೆಸಬೇಕಾಗುತ್ತದೆ.

ಹಾಗಾಗಿ ವಿಸಿಟಿಂಗ್ ಕಾರ್ಡಿನ ಅಕ್ಷರಗಳನ್ನು ಬಿಡಿಸಿ ಹೇಳಿ ಎಂದು ಕೇಳಲು ಸಂಕೋಚಪಡಬೇಡಿ. ಪದವಿ ಯಾವ ವಿಶ್ವವಿದ್ಯಾಲಯದ್ದು, ಸದಸ್ಯತ್ವ ಯಾವ ಸಂಘದ್ದು ಎಂದು ವಿಚಾರಿಸಿ. ಆರ್ಕಿಟೆಕ್ಟ್ ಕೂಡ ಹೌದೆಂದರೆ ಸಿ.ಎ. ಎಂದು ಆರಂಭವಾಗುವ ನೋಂದಣಿ ಸಂಖ್ಯೆ ಕೇಳಿ, ಅದು ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಕೊಡುವಂಥದ್ದು. ಅವರು ಐದು ವರ್ಷದ ಹಿಂದೆ ಮಾಡಿದ ಒಂದು ಉದ್ಯಾನವನ್ನು ಏಪ್ರಿಲ್ ತಿಂಗಳಲ್ಲಿ ಹೋಗಿ ನೋಡಿ ಬನ್ನಿ. ಸರ್ಕಾರವೂ ಈ ವೃತ್ತಿಗೆ ತನ್ನದೇ ನೋಂದಣಿ ಪುಸ್ತಕ ತೆರೆಯಬೇಕು.