ಟವರಿನಿಂದ ಫೋನಿಗೆ: ಕೋಡ್ ಮತ್ತು ಮಾಡ್ಯುಲೇಷನ್ ಜೋಡಿ

ಮೊಬೈಲ್ ಟವರು ಗಾಳಿಗೆ ಬಿಡುವುದು ರೇಡಿಯೊ ಅಲೆಯನ್ನು. ಆ ಅಲೆಯ ಎತ್ತರವನ್ನೂ ಹಂತವನ್ನೂ ಬದಲಿಸುತ್ತ ಸೊನ್ನೆ-ಒಂದುಗಳನ್ನು ಅದರ ಮೇಲೆ ಹೊರಿಸುವುದೇ ಮಾಡ್ಯುಲೇಷನ್. ದಾರಿಯಲ್ಲಿ ಕೆಟ್ಟ ಬಿಟ್‌ಗಳನ್ನು ಫೋನು ತಾನೇ ಸರಿಪಡಿಸಿಕೊಳ್ಳಲಿ ಎಂದು ಮೊದಲೇ ಸೇರಿಸಿ ಕಳಿಸುವ ಹೆಚ್ಚುವರಿ ಬಿಟ್‌ಗಳ ಏರ್ಪಾಡು ದೋಷ ತಿದ್ದುವ ಕೋಡ್. ಬಹುಕಾಲ ಇವೆರಡನ್ನೂ ಬೇರೆ ಬೇರೆಯಾಗಿಯೇ ರೂಪಿಸುತ್ತಿದ್ದರು. ಒಂದಕ್ಕೊಂದು ಹೊಂದದಿದ್ದರೆ ಎಷ್ಟು ಒಳ್ಳೆಯ ಕೋಡೂ ದಂಡ ಎಂಬುದು ಮನದಟ್ಟಾದದ್ದು ತಡವಾಗಿ.

ಅಲೆಯ ಒಂದೊಂದು ರೂಪವನ್ನೂ ಕಾಗದದ ಮೇಲೆ ಒಂದು ಚುಕ್ಕೆಯಾಗಿ ಗುರುತಿಸಬಹುದು. ಕ್ಯೂಪಿಎಸ್‌ಕೆ ಎಂಬ ಸರಳ ಮಾಡ್ಯುಲೇಷನ್‌ನಲ್ಲಿ 4 ಚುಕ್ಕೆ, ಒಂದೊಂದಕ್ಕೆ 2 ಬಿಟ್. 64 ಕ್ವಾಮ್ ಎಂಬ ಇನ್ನೊಂದು ಮಾಡ್ಯುಲೇಷನ್‌ನಲ್ಲಿ 64 ಚುಕ್ಕೆ, ಒಂದೊಂದಕ್ಕೆ 6 ಬಿಟ್. ಅಷ್ಟೇ ಹೊಲದಲ್ಲಿ ಹೆಚ್ಚು ಹತ್ತಿ ಗಿಡ ಹಾಕಿದರೆ ಗಿಡದಿಂದ ಗಿಡಕ್ಕೆ ಅಂತರ ಕುಗ್ಗುವಂತೆ, ಅಷ್ಟೇ ವಿದ್ಯುತ್ ಶಕ್ತಿಯಲ್ಲಿ 64 ಚುಕ್ಕೆ ತುಂಬಿದಾಗ ಅವುಗಳ ನಡುವಿನ ಅಂತರ ಕ್ಯೂಪಿಎಸ್‌ಕೆಯ ಕಾಲುಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಸ್ವಲ್ಪ ಗದ್ದಲ ಸೇರಿದರೂ ಫೋನು ಒಂದು ಚುಕ್ಕೆಯನ್ನು ಪಕ್ಕದ್ದೆಂದು ಓದಿಬಿಡುತ್ತದೆ.

ಯಾದಗಿರಿ ಪೇಟೆಯಲ್ಲಿ ಟವರಿನ ಹತ್ತಿರ ನಿಂತವರ ಫೋನಿಗೂ ಸುರಪುರದ ಗುಡ್ಡದ ಮರೆಯ ಹೊಲದಲ್ಲಿರುವವರ ಫೋನಿಗೂ ಒಂದೇ ಕೋಡ್-ಮಾಡ್ಯುಲೇಷನ್ ಜೋಡಿ ಹೊಂದದಿರುವುದು ಇದಕ್ಕೇ. 4ಜಿ ಜಾಲದಲ್ಲಿ ಫೋನು ಸಿಗ್ನಲ್ಲಿನ ಗುಣಮಟ್ಟವನ್ನು ಅಳೆದು 0ಯಿಂದ 15ರೊಳಗಿನ ಒಂದು ಅಂಕಿಯನ್ನು ಟವರಿಗೆ ಮತ್ತೆ ಮತ್ತೆ ತಿಳಿಸುತ್ತಿರುತ್ತದೆ. 0 ಎಂದರೆ ಏನೂ ದಕ್ಕುತ್ತಿಲ್ಲ ಎಂದರ್ಥ. 1 ಎಂದರೆ ಕ್ಯೂಪಿಎಸ್‌ಕೆ. ಕಳಿಸುವ ಪ್ರತಿ 1024 ಬಿಟ್‌ಗಳಲ್ಲಿ ನಿಜವಾದ ಸರಕು 78 ಮಾತ್ರ, ಉಳಿದದ್ದೆಲ್ಲ ಕಾವಲು. ಈ ಅಂಕಿಗಳ ಮೂಲ ಪಟ್ಟಿಯಲ್ಲಿ 15 ಎಂದರೆ 64 ಕ್ವಾಮ್, 1024ರಲ್ಲಿ 948 ಸರಕು. ಈ ಎರಡು ತುದಿಗಳ ನಡುವಿನ ವೇಗದ ವ್ಯತ್ಯಾಸ ಸುಮಾರು 36 ಪಟ್ಟು. ಹತ್ತು ಕಂತುಗಳಲ್ಲಿ ಒಂದು ಕೆಟ್ಟರೂ ನಡೆದೀತು, ಮತ್ತೆ ಕಳಿಸಿದರಾಯಿತು ಎಂಬ ಲೆಕ್ಕದ ಮೇಲೆ ಈ ಪಟ್ಟಿಯನ್ನು ಮಾಡಿದ್ದಾರೆ. ಒಂದೂ ಕೆಡಬಾರದೆಂದು ಹಟ ಹಿಡಿದರೆ ಎಲ್ಲರ ವೇಗವೂ ತಗ್ಗುತ್ತಿತ್ತು. ಇದು ಜಾಣತನದ ರಾಜಿ.

ಕೋಡನ್ನೂ ಮಾಡ್ಯುಲೇಷನ್ನನ್ನೂ ಕೂಡಿಸಿಯೇ ರೂಪಿಸಬೇಕೆಂದು ಖಚಿತವಾಗಿ ತೋರಿಸಿದವರು ಐಬಿಎಂ ಕಂಪನಿಯ ಜ್ಯೂರಿಕ್ ಪ್ರಯೋಗಾಲಯದ ಗಾಟ್‌ಫ್ರೀಡ್ ಉಂಗರ್‌ಬ್ಯೋಕ್. ಅವರ ಪ್ರಸಿದ್ಧ ಲೇಖನ ಬಂದದ್ದು 1982ರಲ್ಲಿ. ಎರಡು ಸಂದೇಶಗಳಲ್ಲಿ ಎಷ್ಟು ಬಿಟ್ ಬೇರೆ ಎಂಬ ಎಣಿಕೆಗಿಂತ, ಅವುಗಳ ಚುಕ್ಕೆಗಳು ಎಷ್ಟು ದೂರ ಎಂಬ ಅಳತೆ ಮುಖ್ಯ ಎಂದರು. 8 ಚುಕ್ಕೆಗಳನ್ನು ಎರಡು ಪಾಲು ಮಾಡಿ, ಆ ಪಾಲನ್ನು ಮತ್ತೆ ಎರಡು ಮಾಡಿದರೆ, ಪ್ರತಿ ಸಲವೂ ಪಾಲಿನೊಳಗಿನ ಅಂತರ ಹಿಗ್ಗುತ್ತದೆ. ಹತ್ತಿರದ ಚುಕ್ಕೆಗಳು ಗೊಂದಲವಾಗದಂತೆ ಕೋಡು ಕಾಯುತ್ತದೆ. ದೂರದವು ತಮ್ಮನ್ನು ತಾವೇ ಕಾಯ್ದುಕೊಳ್ಳುತ್ತವೆ. ಫಲವಾಗಿ ಅಷ್ಟೇ ವೇಗ, ಅಷ್ಟೇ ಬ್ಯಾಂಡ್‌ವಿಡ್ತ್, ಶಕ್ತಿ ಮಾತ್ರ ಅರ್ಧ ಸಾಕು. ಟೆಲಿಫೋನ್ ತಂತಿಯ ಹಳೆಯ ಮೋಡೆಮ್‌ಗಳು ವೇಗ ಕಂಡದ್ದು ಈ ಉಪಾಯದಿಂದ.

ಆದರೆ ತಂತಿಗೆ ಹೊಂದಿದ್ದು ಗಾಳಿಗೆ ಹೊಂದಲಿಲ್ಲ. ಶಹಾಪುರದಿಂದ ಸುರಪುರಕ್ಕೆ ಹೋಗುವ ಬಸ್ಸಿನಲ್ಲಿ ಕೂತವರ ಫೋನಿಗೆ ಅಲೆ ನೇರವಾಗಿಯೂ ಬರುತ್ತದೆ, ಬಂಡೆಗೆ ಕಟ್ಟಡಕ್ಕೆ ಬಡಿದೂ ಬರುತ್ತದೆ. ಕೆಲವೆಡೆ ಇವು ಪರಸ್ಪರ ಅಳಿಸಿಹಾಕಿ ಸಿಗ್ನಲ್ ಕ್ಷಣಮಾತ್ರ ಕುಸಿಯುತ್ತದೆ, ಸಾಲಾಗಿ ಬಂದ ಬಿಟ್‌ಗಳೆಲ್ಲ ಒಟ್ಟಿಗೆ ಹೋಗುತ್ತವೆ. ಇಲ್ಲಿ ಚುಕ್ಕೆಗಳ ದೂರಕ್ಕಿಂತ, ಒಂದು ಸಂದೇಶದ ಬಿಟ್‌ಗಳು ಎಷ್ಟು ಬೇರೆ ಬೇರೆ ಚುಕ್ಕೆಗಳಲ್ಲಿ ಹಂಚಿಹೋಗಿವೆ ಎಂಬುದೇ ದೊಡ್ಡದು. 1992ರಲ್ಲಿ ಎಫ್ರಾಯಿಮ್ ಝೆಹಾವಿ ಕೋಡಿನಿಂದ ಬಂದ ಬಿಟ್‌ಗಳನ್ನು ಕಲಸಿ, ಆಮೇಲೆ ಚುಕ್ಕೆಗಳಿಗೆ ಹಂಚುವ ದಾರಿ ತೋರಿಸಿದರು. ಒಂದು ಚುಕ್ಕೆ ಮುಳುಗಿದರೂ ಸಂದೇಶದ ಒಂದೆರಡು ಬಿಟ್ ಮಾತ್ರ ಹೋಗುತ್ತದೆ, ಕೋಡು ಅದನ್ನು ತುಂಬಿಕೊಳ್ಳುತ್ತದೆ. ಅಕ್ಕಪಕ್ಕದ ಚುಕ್ಕೆಗಳ ನಡುವೆ ಒಂದೇ ಬಿಟ್ ಬದಲಾಗುವಂತೆ ಹೆಸರಿಡುವ ಗ್ರೇ ಕ್ರಮವೂ ಇದಕ್ಕೆ ಜೊತೆಯಾಯಿತು. ಈಗಿನ 4ಜಿ, 5ಜಿ, ವೈಫೈ ಎಲ್ಲವೂ ನಡೆಯುವುದು ಈ ಹಾದಿಯಲ್ಲೇ.

ಮಾಳಿಗೆಯ ಮೇಲಿನ ಟಿವಿ ಡಿಶ್ಶಿನ ಕಥೆ ಬೇರೆ. ಉಪಗ್ರಹದ ವರ್ಧಕ ಪೂರ್ತಿ ಶಕ್ತಿಯಲ್ಲಿ ದುಡಿಯುವಾಗ ಅಲೆಯ ಎತ್ತರವನ್ನು ತಿರುಚುತ್ತದೆ. ಆದ್ದರಿಂದ ಡಿವಿಬಿ-ಎಸ್2 ಪದ್ಧತಿಯಲ್ಲಿ ಚುಕ್ಕೆಗಳನ್ನು ಚೌಕದಲ್ಲಿ ಇಡದೆ ಒಂದೇ ಎತ್ತರದ ವೃತ್ತದಲ್ಲೋ ಕೆಲವೇ ಉಂಗುರಗಳಲ್ಲೋ ಇಡುತ್ತಾರೆ. ಜೊತೆಗೆ ಎಲ್‌ಡಿಪಿಸಿ ಎಂಬ ದೋಷ ತಿದ್ದುವ ಕೋಡ್. ಹಳೆಯ ಡಿವಿಬಿ-ಎಸ್‌ಗಿಂತ ಇದರ ಸಾಮರ್ಥ್ಯ ಸುಮಾರು ಶೇಕಡಾ 30 ಹೆಚ್ಚು. ಆದರೆ ಡಿಶ್ಶು ಉಪಗ್ರಹಕ್ಕೆ ಮರುಮಾತು ಹೇಳಲಾರದು. ಎಲ್ಲ ಮನೆಗೂ ಒಂದೇ ಜೋಡಿ. ಜೋರು ಮಳೆಗೆ ಸಿಗ್ನಲ್ ಆ ಜೋಡಿಯ ಮಿತಿಗಿಂತ ಕೆಳಗಿಳಿದರೆ ಚಿತ್ರ ಮಸುಕಾಗುವುದಿಲ್ಲ, ಒಮ್ಮೆಲೇ ನಿಂತುಬಿಡುತ್ತದೆ.

ಮತ್ತೆ ಮೊಬೈಲಿಗೆ ಬಂದರೆ, 5ಜಿಯಲ್ಲಿ ಕೋಡುಗಳ ನಡುವೆ ಕೆಲಸವನ್ನೂ ಹಂಚಿದ್ದಾರೆ. ದತ್ತಾಂಶಕ್ಕೆ ಎಲ್‌ಡಿಪಿಸಿ ಕೋಡು, 5ಜಿಯ ಆರಂಭದ ಮಾನಕದಲ್ಲಿ ಅದು 256 ಕ್ವಾಮ್‌ವರೆಗೆ ಏರುತ್ತಿತ್ತು. ಟವರಿನ ಚಿಕ್ಕ ಆದೇಶಗಳಿಗೆ ಪೋಲಾರ್ ಎಂಬ ಬೇರೊಂದು ಕೋಡು, ಅದಕ್ಕೆ ಕ್ಯೂಪಿಎಸ್‌ಕೆ ಮಾತ್ರ. ಆದೇಶವೇ ತಪ್ಪಿದರೆ ಉಳಿದದ್ದಕ್ಕೆ ಅರ್ಥವಿಲ್ಲ. ಇನ್ನು, ಪರದೆಯ ಮೇಲಿನ ಕಡ್ಡಿಗಳನ್ನು ನೋಡಿ ವೇಗವನ್ನು ಅಂದಾಜು ಮಾಡುವವರು ಗಮನಿಸಬೇಕು: ಕಡ್ಡಿಗಳು ಹೆಚ್ಚಾಗಿ ಹೇಳುವುದು ಅಲೆಯ ಬಲವನ್ನು, ಜೋಡಿಯನ್ನು ನಿರ್ಧರಿಸುವುದು ಗದ್ದಲಕ್ಕೆ ಹೋಲಿಸಿದ ಬಲ. ಪಕ್ಕದ ಟವರಿನ ಅಲೆಯೂ ಗದ್ದಲವೇ ಆದ್ದರಿಂದ ಕಡ್ಡಿ ತುಂಬಿದ್ದರೂ ನೆಟ್ ನಿಧಾನವಾಗಬಹುದು.