ಹಲಗೆಯ ದಾರಿ: ಚಾಕರಿಯಿಂದ ಕಛೇರಿಗೆ

ಕೊಪ್ಪಳ ಜಿಲ್ಲೆ ರಾಯಚೂರಿನಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದದ್ದು 1997ರಲ್ಲಿ. ಇಂದು ಏಳು ತಾಲ್ಲೂಕುಗಳಿರುವ ಆ ಜಿಲ್ಲೆಯಲ್ಲಿ ಆಗ ಇದ್ದವು ನಾಲ್ಕೇ: ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ. ಕೆಲವು ವರ್ಷಗಳ ತರುವಾಯ ಅಲ್ಲಿ ಕಂದಾಯ ಅಧಿಕಾರಿಯಾಗಿ ಕೆಲಸ ಮಾಡುವ ಅವಕಾಶ ನನಗೆ ಒದಗಿತ್ತು. ಆ ಅವಧಿಯ ಒಂದು ಮೊಹರಂ ರಾತ್ರಿಯನ್ನು ನಾನು ಮರೆತಿಲ್ಲ. ಆ ಸೀಮೆಯಲ್ಲಿ ಮೊಹರಂ ಕೇವಲ ಮುಸ್ಲಿಮರ ಆಚರಣೆಯಲ್ಲ. ಊರಿಗೆ ಊರೇ ಅಲಾಯಿ ಕುಣಿಯ ಸುತ್ತ ನೆರೆಯುತ್ತದೆ. ಬಂದೋಬಸ್ತಿನ ಕರ್ತವ್ಯದ ಮೇಲೆ ಯಲಬುರ್ಗಾ ಕಡೆಯ ಹಳ್ಳಿಯೊಂದಕ್ಕೆ ಹೋಗಿದ್ದೆ. ಕುಣಿತ ಮುಗಿದು ಜನ ಚದುರಿದ ಮೇಲೂ ಐವತ್ತರ ಆಸುಪಾಸಿನ ಒಬ್ಬರು ಅಲ್ಲೇ ಉಳಿದಿದ್ದರು. ಹಲಗೆಯನ್ನು ಕೆಂಡದ ಕಾವಿಗೆ ಹಿಡಿದು, ಬೆರಳಿನಿಂದ ತಟ್ಟಿ ನೋಡಿ, ತಮ್ಮ ಪಾಡಿಗೆ ತಾವು ಬಾರಿಸತೊಡಗಿದರು. ಕೇಳುವವರು ಯಾರೂ ಇಲ್ಲವೆಂದು ಅವರು ಭಾವಿಸಿದ್ದರೆಂದು ತೋರುತ್ತದೆ.

ಹಲಗೆಯ ರಚನೆ ಬಹು ಸರಳ. ಗುಂಡನೆಯ ಚೌಕಟ್ಟು, ಅದರ ಒಂದು ಬದಿಗೆ ಬಿಗಿದ ಚರ್ಮ, ಇಷ್ಟೇ. ಚರ್ಮ ಗಾಳಿಯ ತೇವವನ್ನು ಹೀರಿ ಸಡಿಲಗೊಳ್ಳುತ್ತದೆ. ಬೆಂಕಿಗೆ ಕಾಯಿಸಿದಾಗ ತೇವ ಆರಿ, ಬಿಗಿದು, ನಾದ ಮೇಲೇರುತ್ತದೆ. ಬಾರಿಸಲು ಎರಡು ಕೋಲು. ಬಲಗೈಯ ಮೋಟು ದಪ್ಪ ಕೋಲು ತಾಳಕ್ಕೆ ಬುನಾದಿ ಹಾಕಿದರೆ, ಎಡಗೈಯ ತೆಳ್ಳನೆಯ ಉದ್ದ ಬಿದಿರುಕಡ್ಡಿ ಅದರ ನಡುನಡುವೆ ಚಿಟಚಿಟನೆ ನುಡಿಯುತ್ತದೆ. ಹಲಗೆಯೆಂದರೆ ಇಷ್ಟೇ ಎಂದು ಅದುವರೆಗೆ ನಾನು ತಿಳಿದಿದ್ದೆ.

ಆ ರಾತ್ರಿ ಅವರ ಬಗಲಲ್ಲಿ ಒಂದು ಬಟ್ಟೆಯ ಚೀಲವಿತ್ತು. ಅದರಿಂದ ಒಂದೊಂದಾಗಿ ಹೊರಬಂದ ವಸ್ತುಗಳನ್ನು ಕಂಡು ಬೆರಗಾದೆ. ತೆಳುವಾಗಿ ಸೀಳಿ ಕಟ್ಟಿದ ಬಿದಿರಿನ ಪುಟ್ಟ ಕಟ್ಟು. ಒಣಗಿದ ಜೋಳದ ದಂಟು. ತುದಿಗೆ ಅರಿವೆ ಸುತ್ತಿದ ಕೋಲು. ಸೈಕಲ್ ಚಕ್ರದ ಒಂದು ಕಡ್ಡಿ. ಬಿದಿರಿನ ಕಟ್ಟನ್ನು ಚರ್ಮದ ಮೇಲೆ ಎಳೆದಾಗ ಒಣ ಎಲೆಗಳ ಮೇಲೆ ಮಳೆ ಸುರಿದಂತಾಯಿತು. ಅರಿವೆಯ ಕೋಲು ದೂರದ ಗುಡುಗನ್ನು ತಂದಿತು. ಮೊಣಕೈಯಿಂದ ಚರ್ಮವನ್ನು ಒತ್ತಿ ಬಾರಿಸಿದಾಗ ಒಂದೇ ಪೆಟ್ಟಿನ ನಾದ ಏರಿ ಇಳಿಯಿತು. ಬೆರಳಿಗೆ ನೀರು ಸವರಿ ಉಜ್ಜಿದಾಗ ಹಲಗೆ ನರಳಿತು. ಕೊನೆಗೆ ಗೆಜ್ಜೆ ಪೋಣಿಸಿದ ದಾರವೊಂದನ್ನು ಚರ್ಮಕ್ಕೆ ತಾಗುವಂತೆ ಚೌಕಟ್ಟಿಗೆ ಅಡ್ಡಲಾಗಿ ಕಟ್ಟಿ, ಎರಡು ಕಡ್ಡಿಗಳಿಂದ ಮೆಲ್ಲಗೆ ಆರಂಭಿಸಿ ವೇಗ ಹೆಚ್ಚಿಸಿದರು. ಪ್ರತಿ ಪೆಟ್ಟಿನ ಹಿಂದೆಯೂ ಸಣ್ಣದೊಂದು ಝೇಂಕಾರ ಹೊಮ್ಮಿತು. ಹೀಗೆ ಅರ್ಧ ಗಂಟೆ ಕಳೆದಿರಬಹುದು. ಇದನ್ನೆಲ್ಲ ಯಾರಿಂದ ಕಲಿತಿರಿ ಎಂದು ಕೇಳಿದೆ. ಸಂಕೋಚದಿಂದ ನಕ್ಕು, “ಯಾರೂ ಕಲಿಸಿಲ್ರಿ ಸಾಹೇಬ್ರ. ಹಲಗಿ ಒಂದ ಐತ್ರಿ, ಅದರೊಳಗ ದನಿ ಭಾಳ ಅದಾವ್ರಿ” ಎಂದರು.

ಗೆಜ್ಜೆದಾರದ ಆ ಉಪಾಯ ನನಗೆ ಮತ್ತೊಂದು ವಾದ್ಯವನ್ನು ನೆನಪಿಸಿತು. ನಮ್ಮ ಪೊಲೀಸ್ ಬ್ಯಾಂಡುಗಳಲ್ಲಿ ಸೊಂಟಕ್ಕೆ ತೂಗುಹಾಕಿಕೊಂಡು ಬಾರಿಸುವ ಸೈಡ್ ಡ್ರಮ್ ಅನ್ನು ಓದುಗರು ಕಂಡಿರುತ್ತಾರೆ. ಸ್ನೇರ್ ಡ್ರಮ್ ಎಂದೂ ಅದಕ್ಕೆ ಹೆಸರು. ಅದರ ಕೆಳಪದರಕ್ಕೆ ತಾಗುವಂತೆ ತಂತಿಗಳನ್ನು ಬಿಗಿದಿರುತ್ತಾರೆ. ಮೇಲೆ ಪೆಟ್ಟು ಬಿದ್ದಾಗ ಆ ತಂತಿಗಳು ಅದುರಿ ‘ಚರ್ರ್’ ಎಂಬ ವಿಶಿಷ್ಟ ಧ್ವನಿ ಹೊರಡುತ್ತದೆ. ಯಲಬುರ್ಗಾ ಕಡೆಯ ಆ ವಾದಕರು ಯಾವ ಬ್ಯಾಂಡಿನ ನೆರವೂ ಇಲ್ಲದೆ ಅದೇ ತತ್ತ್ವವನ್ನು ತಮ್ಮ ಹಲಗೆಯ ಮೇಲೆ ಕಂಡುಕೊಂಡಿದ್ದರು.

ಆ ಪಾಶ್ಚಾತ್ಯ ವಾದ್ಯದ ಚರಿತ್ರೆ ನಮಗೆ ಪಾಠವಾಗಬಲ್ಲದು. ಶತಮಾನಗಳ ಕಾಲ ಅದು ಯುರೋಪಿನ ಕಾಲಾಳು ಪಡೆಯ ಸೇವಕನಾಗಿತ್ತು. ಏಳು, ನಡೆ, ಗುಂಡು ಹಾರಿಸು, ಹಿಂದೆ ಸರಿ ಎಂಬ ಆಜ್ಞೆಗಳನ್ನು ಸಾರುವುದೇ ಅದರ ಕೆಲಸ. ಇಪ್ಪತ್ತನೆಯ ಶತಮಾನದ ಹೊತ್ತಿಗೆ ಅದೇ ವಾದ್ಯ ಸಂಗೀತ ಸಭಾಂಗಣವನ್ನು ಪ್ರವೇಶಿಸಿತು. ಜಾಝ್ ವಾದಕರು ಕೋಲನ್ನು ಬದಿಗಿಟ್ಟು ತಂತಿಯ ಕುಂಚಗಳಿಂದ ಅದನ್ನು ಸವರಿದರು. ಐಸ್‌ಲ್ಯಾಂಡಿನ ಸಂಯೋಜಕ ಆಸ್ಕೆಲ್ ಮಾಸನ್ 1984ರಲ್ಲಿ ಈ ಒಂದೇ ವಾದ್ಯಕ್ಕಾಗಿ ‘ಪ್ರಿಮ್’ ಎಂಬ ಕೃತಿ ರಚಿಸಿದರು. ಕಿವಿ ಬಹುತೇಕ ಕೇಳಿಸದ ಸ್ಕಾಟ್ಲೆಂಡಿನ ವಾದಕಿ ಎವೆಲಿನ್ ಗ್ಲೆನಿ ಅದನ್ನು ಲೋಕಪ್ರಸಿದ್ಧಗೊಳಿಸಿದರು. ಡೋಲುಗಳ ದನಿಯಲ್ಲಿ ಮುಳುಗಿಹೋಗುವ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಉತ್ಸವ 2017ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಆಜ್ಞೆ ಸಾರುತ್ತಿದ್ದ ವಾದ್ಯ ಹೀಗೆ ಆಲಿಸುವ ವಾದ್ಯವಾಯಿತು.

ಹಾಗಾದರೆ ನಮ್ಮ ಹಲಗೆಯ ಕಥೆ ಬೇರೆಯಾದದ್ದೇಕೆ? ಕೋಲಿನ ವೈವಿಧ್ಯದಲ್ಲಿ ನಾವು ಬಡವರೇನಲ್ಲ. ಡೊಳ್ಳಿನ ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಅಂಗೈ. ಉರುಮೆಯವರು ಬಾಗಿದ ಕೋಲಿನಿಂದ ಚರ್ಮವನ್ನು ಉಜ್ಜಿಯೇ ನಾದ ಹೊರಡಿಸುತ್ತಾರೆ. ತಾಷೆಗೆ ಎರಡು ಸಪೂರ ಕಡ್ಡಿಗಳು. ಕೊರತೆ ಇರುವುದು ಕಲ್ಪನೆಯಲ್ಲಿ ಅಲ್ಲ, ಬಾರಿಸುವವನ ಸ್ಥಾನದಲ್ಲಿ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇದು ಮೂಲತಃ ಒಪ್ಪಂದದ ಪ್ರಶ್ನೆಯಾಗಿ ಕಾಣುತ್ತದೆ. ‘ಆಗದು’ ಎನ್ನುವ ಸ್ವಾತಂತ್ರ್ಯವಿಲ್ಲದವನು ತನ್ನ ಶ್ರಮಕ್ಕೆ ಬೆಲೆ ನಿಗದಿ ಮಾಡಲಾರ. ನಮ್ಮ ಹಳ್ಳಿಗಳಲ್ಲಿ ಹಲಗೆ ಬಾರಿಸುವುದು ಬಹುಕಾಲ ಮಾದಿಗರಿಗೆ, ಹೊಲೆಯರಿಗೆ ಹುಟ್ಟಿನಿಂದ ಅಂಟಿದ ಚಾಕರಿಯಾಗಿತ್ತು. ಸಾವಿನ ಮನೆಯ ಮುಂದೆ, ಜಾತ್ರೆಯ ತೇರಿನ ಮುಂದೆ, ಊರಿನ ಡಂಗುರಕ್ಕೆ ಅವರು ಬರಲೇಬೇಕು. ಪ್ರತಿಫಲ ಸುಗ್ಗಿಯಲ್ಲಿ ಊರು ಕೊಟ್ಟಷ್ಟು ಆಯ. ಬಾರಿಸುವವರಿಲ್ಲದೆ ಊರಿನ ದೇವರು ಹೊರಡುವಂತಿರಲಿಲ್ಲ. ಬಾರಿಸಿದವರು ಆ ದೇವರ ಗುಡಿಯ ಒಳಗೆ ಹೋಗುವಂತಿರಲಿಲ್ಲ. ತಮಿಳಿನ ‘ಪರೈ’ ಎಂಬ ಚರ್ಮವಾದ್ಯದ ಹೆಸರಿನಿಂದ ಜಾತಿಯ ಹೆಸರೂ, ಅದರಿಂದ ‘ಬಹಿಷ್ಕೃತ’ ಎಂಬರ್ಥದ ಇಂಗ್ಲಿಷ್ ಶಬ್ದವೊಂದೂ ಹುಟ್ಟಿದವು. ವಾದ್ಯವೊಂದು ಲೋಕದ ನಿಘಂಟಿನಲ್ಲಿ ಬೈಗುಳವಾದ ಉದಾಹರಣೆ ಇನ್ನೊಂದಿರಲಾರದು.

ಇದರಲ್ಲಿ ಆಡಳಿತದ ಪಾಲೂ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 54ನೇ ನಿಯಮವು, ಜಪ್ತಿಯ ಆದೇಶವನ್ನು ಸ್ವತ್ತಿನ ಬಳಿ ಡಂಗುರ ಬಾರಿಸಿ ಅಥವಾ ರೂಢಿಯಲ್ಲಿರುವ ಬೇರೆ ವಿಧಾನದಿಂದ ಸಾರಬೇಕೆಂದು ಹೇಳುತ್ತದೆ. ‘ಡಂಗುರ ಸಾರಿಸಲಾಗಿದೆ’ ಎಂಬ ಒಕ್ಕಣೆಯ ಎಷ್ಟೋ ಕಾಗದಗಳ ಕೆಳಗೆ ನಾನೇ ಸಹಿ ಹಾಕಿದ್ದೇನೆ. ಸಾರಿದವರು ಯಾರು, ಅವರಿಗೆ ಏನು ಸಂದಿತು ಎಂದು ಒಮ್ಮೆಯೂ ಕೇಳಲಿಲ್ಲ. ಕಾನೂನು ಡೋಲನ್ನು ಬಲ್ಲದು, ಡೋಲಿನವನನ್ನಲ್ಲ. 1961ರ ಗ್ರಾಮ ಹುದ್ದೆಗಳ ನಿರ್ಮೂಲನ ಕಾಯ್ದೆ ವಂಶಪಾರಂಪರ್ಯದ ಹುದ್ದೆಗಳನ್ನು ಕಾಗದದ ಮೇಲೆ ಅಳಿಸಿತು. ರೂಢಿಯನ್ನು ಅಳಿಸುವ ಶಕ್ತಿ ಕಾಗದಕ್ಕಿರಲಿಲ್ಲ.

ಆದ್ದರಿಂದಲೇ ದಲಿತ ಚಳವಳಿಯೊಳಗೆ ಹಲಗೆಯ ಬಗ್ಗೆ ಎರಡು ಮಾತುಗಳಿವೆ. ಇದು ನಮ್ಮ ಅಪಮಾನದ ಗುರುತು, ಎಸೆಯಿರಿ ಎನ್ನುವುದು ಒಂದು. ಇದು ನಮ್ಮ ದನಿ, ಎತ್ತಿ ಬಾರಿಸಿರಿ ಎನ್ನುವುದು ಇನ್ನೊಂದು. ದಲಿತ ಸಂಘರ್ಷ ಸಮಿತಿಯ ಹೋರಾಟದ ಹಾಡುಗಳಿಗೆ ತಮಟೆ, ಹಲಗೆಗಳೇ ಬಲ ತುಂಬಿದವು. ಹೊರಗೆ ನಿಂತ ನನ್ನಂಥವರು ಇವೆರಡರ ನಡುವೆ ತೀರ್ಪು ಕೊಡಲು ಹೊರಡುವುದು ಉದ್ಧಟತನವಾದೀತು. ಒಂದನ್ನಂತೂ ಹೇಳಬಹುದು: ಎರಡು ಮಾತುಗಳೂ ಬೇಡುತ್ತಿರುವುದು ಆಯ್ಕೆಯ ಹಕ್ಕನ್ನು.

ಇದೆಲ್ಲ ಹಳೆಯ ಕಾಲದ ಮಾತು ಎಂದು ನಗರದ ಓದುಗರಿಗೆ ಅನ್ನಿಸಬಹುದು. 2014ರ ಆಗಸ್ಟ್ 28ರಂದು ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ನ್ಯಾಯಾಲಯ ಆ ಪ್ರಕರಣದಲ್ಲಿ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ತೀರ್ಪನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗು ಗುಡಿಯೊಳಗೆ ಕಾಲಿಟ್ಟಿತೆಂದು ಹೆತ್ತವರಿಂದ ದಂಡ ಕೇಳಿದ ಸಂಗತಿ ದೇಶದಾದ್ಯಂತ ಸುದ್ದಿಯಾಯಿತು. ಗುಡಿಯ ಹೊಸ್ತಿಲ ಸ್ಥಿತಿ ಹೀಗಿರುವಾಗ, ಗುಡಿಯ ಮುಂದೆ ಹಲಗೆ ಬಾರಿಸಲು ಕರೆದವರಿಗೆ ‘ಬರುವುದಿಲ್ಲ’ ಎನ್ನುವುದು ಎಷ್ಟು ಜನರಿಗೆ ಸಾಧ್ಯ?

ಭರವಸೆಯ ಚಿಹ್ನೆಗಳೂ ಇಲ್ಲದಿಲ್ಲ. ಚಿಕ್ಕಬಳ್ಳಾಪುರ ಸೀಮೆಯ ತಮಟೆ ವಾದಕ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ದೊರೆಯಿತು. ಮದುರೆಯ ಪರೈ ವಾದಕ ವೇಲು ಆಸಾನ್ ಅವರಿಗೆ 2025ರಲ್ಲಿ ಅದೇ ಗೌರವ ಸಂದಿತು. ಅದೇ ವರ್ಷ ಕೊಪ್ಪಳ ತಾಲ್ಲೂಕಿನ ಮೋರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರೂ ಪದ್ಮಶ್ರೀಗೆ ಪಾತ್ರರಾದರು. ತೊಗಲು ಗೊಂಬೆಯಾದಾಗ ಅದನ್ನು ಕಲೆಯೆಂದು ಒಪ್ಪಿದ ಜಿಲ್ಲೆಗೆ, ಅದೇ ತೊಗಲು ಹಲಗೆಯಾದಾಗ ಒಪ್ಪುವುದು ಕಷ್ಟವಾಗಬಾರದು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಆ ಮೊಹರಂ ಕಳೆದ ಕೆಲವು ತಿಂಗಳಿಗೆ ಸರ್ಕಾರಿ ಉತ್ಸವವೊಂದರ ವ್ಯವಸ್ಥೆಯಲ್ಲಿ ನನಗೂ ಜವಾಬ್ದಾರಿ ಬಂತು. ನಾನು ಆ ವಾದಕರನ್ನು ಉತ್ಸಾಹದಿಂದ ಕರೆಸಿದೆ. ಆದರೆ ಕಾರ್ಯಕ್ರಮ ಪಟ್ಟಿಯಲ್ಲಿ ಹಲಗೆಗಿದ್ದ ಜಾಗ ಒಂದೇ: ಅತಿಥಿಗಳ ವಾಹನದ ಮುಂದೆ ಮೆರವಣಿಗೆಯಲ್ಲಿ. ಅವರು ಬಿಸಿಲಿನಲ್ಲಿ ಎರಡು ಮಾಮೂಲಿ ಕೋಲುಗಳಿಂದ ಬಾರಿಸುತ್ತ ವೇದಿಕೆಯವರೆಗೆ ನಡೆದರು. ವೇದಿಕೆ ಬಂದೊಡನೆ ‘ಸಾಕು, ನಿಲ್ಲಿಸಿ’ ಎಂದು ಯಾರೋ ಕೈ ಬೀಸಿದರು. ಬಟ್ಟೆಯ ಚೀಲ ಬಗಲಲ್ಲೇ ಉಳಿಯಿತು. ಸಂಭಾವನೆಯ ಚೀಟಿಯಲ್ಲಿ ಅವರ ಹೆಸರಿರಲಿಲ್ಲ, ‘ವಾದ್ಯದವರು’ ಎಂದಿತ್ತು. ಮರುವರ್ಷ ಮತ್ತೆ ಕರೆ ಕಳುಹಿಸಿದಾಗ ಅವರೇ ಬಂದು ಬಾಗಿಲಲ್ಲಿ ನಿಂತು ಹೇಳಿದರು: “ಮೆರವಣಿಗಿಗಾದ್ರ ನಾ ಒಲ್ಲೆರಿ. ಕುಂತು ಕೇಳ್ತೀರಿ ಅಂದ್ರ ಬರ್ತೀನ್ರಿ.” ಜೊತೆಗಿದ್ದ ಸಿಬ್ಬಂದಿಗೆ ಅದು ಸೊಕ್ಕಾಗಿ ಕೇಳಿಸಿತು. ನನಗೂ ಆ ಕ್ಷಣ ಕೊಂಚ ಮುಜುಗರವಾಯಿತೆಂಬುದನ್ನು ಮುಚ್ಚಿಡಲಾರೆ. ಪಟ್ಟಿಯನ್ನು ಬದಲಿಸುವ ಅಧಿಕಾರ ನನಗಿತ್ತು, ಬದಲಿಸಲಿಲ್ಲ. ಅಷ್ಟರಲ್ಲಿ ವರ್ಗಾವಣೆಯೂ ಆಯಿತು.

ಮಾಡಬೇಕಾದುದು ದುಬಾರಿಯೇನಲ್ಲ. ಆನೆಗೊಂದಿ, ಕನಕಗಿರಿಯಂಥ ಉತ್ಸವಗಳಲ್ಲಿ ಹಲಗೆಗೆ ಮೆರವಣಿಗೆಯ ಬದಲು ವೇದಿಕೆಯ ಮೇಲೆ ಅರ್ಧ ಗಂಟೆಯ ಏಕವ್ಯಕ್ತಿ ವಾದನಕ್ಕೆ ಅವಕಾಶವಿರಲಿ. ಆಹ್ವಾನಪತ್ರಿಕೆಯಲ್ಲಿ ವಾದಕರ ಹೆಸರು ಅಚ್ಚಾಗಲಿ. ತಬಲಾ ವಾದಕರಿಗೆ ಕೊಡುವಷ್ಟೇ ಸಂಭಾವನೆ ಇವರ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪಕ್ಕದಲ್ಲೇ ಇದೆ, ಜಾನಪದ ವಿಶ್ವವಿದ್ಯಾಲಯ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿದೆ. ಈ ವಾದಕರು ಕಂಡುಕೊಂಡಿರುವ ಕೋಲುಗಳನ್ನೂ ಕೈಚಳಕವನ್ನೂ ಅವರವರ ಹೆಸರಿನಲ್ಲಿಯೇ ದಾಖಲಿಸುವುದು ಇವುಗಳಿಗೆ ಅಸಾಧ್ಯವಲ್ಲ. ಶಾಲೆಗಳಲ್ಲಿ ಹಲಗೆ ಕಲಿಸುವುದಾದರೆ ಎಲ್ಲ ಜಾತಿಯ ಮಕ್ಕಳೂ ಅದನ್ನು ಕೈಗೆತ್ತಿಕೊಳ್ಳಲಿ. ಇಲ್ಲವಾದರೆ ಅದು ಹಳೆಯ ಚಾಕರಿಗೆ ಹೊಸ ತರಬೇತಿಯಾದೀತು. ಹಾಗೆಯೇ, ಆ ಕೇರಿಯ ಯುವಕರು ಹಲಗೆ ಬೇಡವೆಂದು ಗಿಣಿಗೇರಿಯ ಕಾರ್ಖಾನೆಗೋ ಬೆಂಗಳೂರಿಗೋ ಹೊರಟರೆ, ‘ಕಲೆ ನಶಿಸುತ್ತಿದೆ’ ಎಂದು ನಾವು ಹಲುಬುವ ಅಗತ್ಯವಿಲ್ಲ. ಬೇಡವೆನ್ನುವುದೂ ಅವರ ಹಕ್ಕು.

‘ಕಛೇರಿ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳು. ಒಂದು ನಾನು ಬದುಕಿಡೀ ಕುಳಿತದ್ದು. ಇನ್ನೊಂದು ಸಂಗೀತಗಾರ ಕುಳಿತು ಹಾಡುವ, ಬಾರಿಸುವ ಸಭೆ. ಹಲಗೆಯವರನ್ನು ಮೊದಲನೆಯದಕ್ಕೆ ನಾವು ಎಷ್ಟೋ ಸಲ ಕರೆಸಿದ್ದೇವೆ, ಹೊರಬಾಗಿಲಲ್ಲಿ ನಿಲ್ಲಿಸಿದ್ದೇವೆ. ಎರಡನೆಯದಕ್ಕೆ ಕರೆದು, ಎದುರಿಗೆ ಕುಳಿತು ಕೇಳುವ ಸೌಜನ್ಯವನ್ನು ನಾವಿನ್ನೂ ಕಲಿಯಬೇಕಾಗಿದೆ. ‘ಕುಂತು ಕೇಳ್ತೀರಿ ಅಂದ್ರ’ ಎಂದು ಆ ಹಿರಿಯರು ಇಟ್ಟ ಷರತ್ತು ಅದಕ್ಕಿಂತ ಹೆಚ್ಚಿನದೇನನ್ನೂ ಕೇಳಿರಲಿಲ್ಲ.