ಹಿಂತಲೆಯ ಗಾಯವೂ ನೋಟದ ಲೋಪವೂ

1904–05ರ ರಷ್ಯಾ–ಜಪಾನ್ ಯುದ್ಧದಿಂದ ಮರಳಿದ ಜಪಾನೀ ಸೈನಿಕರಲ್ಲಿ ಕೆಲವರ ಸ್ಥಿತಿ ವಿಚಿತ್ರವಾಗಿದ್ದಿತು: ಗುಂಡು ತಗುಲಿದ್ದುದು ತಲೆಯ ಹಿಂಭಾಗಕ್ಕೆ, ಕಣ್ಣುಗಳಲ್ಲಿ ಯಾವ ಊನವೂ ಇರಲಿಲ್ಲ, ಆದರೂ ನೋಟದ ಒಂದು ಪಾಲು ಅಳಿದುಹೋಗಿದ್ದಿತು. ಇಂಥವರಿಗೆ ಸಲ್ಲಬೇಕಾದ ಪಿಂಚಣಿಯನ್ನು ನಿರ್ಣಯಿಸುವುದಕ್ಕಾಗಿ ಅವರ ದೃಷ್ಟಿಹಾನಿಯನ್ನು ಅಳೆಯುವ ಕಾರ್ಯವು ತಾತ್ಸುಜಿ ಇನೌಯೆ ಎಂಬ ತರುಣ ನೇತ್ರವೈದ್ಯನ ಪಾಲಿಗೆ ಬಂದಿತು. ರಷ್ಯನ್ನರ ಬಂದೂಕಿನ 7.62 ಮಿಲಿಮೀಟರ್ ಗುಂಡು ಸಣ್ಣದು, ಮಹಾವೇಗದ್ದು. ಅದು ಕಪಾಲವನ್ನು ನುಚ್ಚುನೂರು ಮಾಡದೆ ಒಂದೆಡೆ ಹೊಕ್ಕು ಮತ್ತೊಂದೆಡೆ ನೇರವಾಗಿ ಹೊರಬೀಳುತ್ತಿದ್ದುದರಿಂದ, ಗಾಯಾಳು ಬದುಕಿ ಉಳಿಯುವುದೂ ಉಂಟು, ಎರಡು ರಂಧ್ರಗಳನ್ನು ರೇಖೆಯಿಂದ ಜೋಡಿಸಿ ಮಿದುಳಿನ ಯಾವ ಅಂಶ ಕೆಟ್ಟಿತೆಂದು ಗಣಿಸುವುದೂ ಸಾಧ್ಯ. 29 ಸೈನಿಕರನ್ನು ಹೀಗೆ ಪರೀಕ್ಷಿಸಿ, ಗಾಯದ ನೆಲೆಯನ್ನೂ ನೋಟದ ಲೋಪವನ್ನೂ ಹೊಂದಿಸಿ, 1909ರಲ್ಲಿ ಅವನು ಜರ್ಮನ್ ಭಾಷೆಯಲ್ಲಿ ಗ್ರಂಥವೊಂದನ್ನು ಪ್ರಕಟಿಸಿದನು.

ಹಿಂತಲೆಗೆ ಬಿದ್ದ ಪೆಟ್ಟು ನೋಟವನ್ನು ಕೆಡಿಸುವುದೇಕೆ? ಪ್ರತಿಯೊಂದು ಅಕ್ಷಿಪಟಲದಿಂದಲೂ ಹೊರಡುವ ಹತ್ತು ಲಕ್ಷಕ್ಕೂ ಮಿಕ್ಕ ತಂತುಗಳು ಒಂದು ದೃಷ್ಟಿನರವಾಗಿ ಕೂಡಿಕೊಂಡು ಹಿಂದಕ್ಕೆ ಸಾಗಿ, ಪಿಟ್ಯೂಟರಿ ಗ್ರಂಥಿಯ ಮೇಲ್ಗಡೆಯಲ್ಲಿ ಇನ್ನೊಂದು ಕಣ್ಣಿನ ನರವನ್ನು ಸಂಧಿಸುವುವು. ಅಲ್ಲಿ ಮೂಗಿನ ಕಡೆಯ ಅರ್ಧದಿಂದ ಬಂದ ತಂತುಗಳು ಮಾತ್ರವೇ ಎದುರುಪಕ್ಕಕ್ಕೆ ದಾಟುವುವು. ಕಣತಲೆಯ ಕಡೆಯವು ತಮ್ಮ ಪಕ್ಕದಲ್ಲಿಯೇ ಉಳಿಯುವುವು. ನ್ಯೂಟನ್ ಮಹಾಶಯನು 1704ರ ತನ್ನ ‘ಆಪ್ಟಿಕ್ಸ್’ ಗ್ರಂಥದಲ್ಲಿಯೇ ಇಂಥ ಅರೆದಾಟನ್ನು ಊಹಿಸಿದ್ದನು. ಕಣ್ಣಿನೊಳಗೆ ಬಿಂಬವು ತಲೆಕೆಳಗಾಗಿ, ಎಡಬಲವೂ ಅದಲುಬದಲಾಗಿ ಬೀಳುವುದರಿಂದ, ನಮ್ಮ ಎಡಕ್ಕಿರುವ ದೃಶ್ಯವೆಲ್ಲ, ಯಾವ ಕಣ್ಣಿನಿಂದ ಕಂಡುದಾದರೂ, ಬಲಮಿದುಳಿಗೂ, ಬಲಕ್ಕಿರುವುದೆಲ್ಲ ಎಡಮಿದುಳಿಗೂ ಸೇರುವುದು. ಮುಂದೆ ಥಲಮಸ್ಸಿನಲ್ಲಿ ಒಮ್ಮೆ ತಂಗಿ, ಅಲ್ಲಿಂದ ಬೀಸಣಿಗೆಯಾಗಿ ಹರಡಿ, ಈ ಹಾದಿಯು ಹಿಂತಲೆಯ ಮಿದುಳಿನ ಹೊರಪದರವನ್ನು ಮುಟ್ಟುವುದು.

ಆದುದರಿಂದ ನೋಟದ ಯಾವ ಭಾಗ ಲುಪ್ತವಾಯಿತೆಂಬುದನ್ನು ತಿಳಿದ ವೈದ್ಯನು ಹಾನಿಯ ನೆಲೆಯನ್ನೂ ಗುರುತಿಸಬಲ್ಲನು. ಸಂಧಿಗಿಂತ ಮುಂಚೆ ನರವು ಕೆಟ್ಟರೆ ಒಂದೇ ಕಣ್ಣು ಕುರುಡಾಗುವುದು. ಪಿಟ್ಯೂಟರಿ ಗ್ರಂಥಿಯಲ್ಲಿ ಗಡ್ಡೆ ಬೆಳೆದು ಸಂಧಿಯನ್ನು ಕೆಳಗಿನಿಂದ ಒತ್ತಿದರೆ, ದಾಟುವ ತಂತುಗಳೇ ನೊಂದು, ಎರಡು ಕಣ್ಣುಗಳ ಹೊರಗಡೆಯ ನೋಟವೂ ಮಾಯವಾಗುವುದು. ಅಂಥ ರೋಗಿಗೆ ಎದುರಿನ ಬಾಗಿಲು ಕಾಣುವುದು, ಇಕ್ಕೆಲದ ಚೌಕಟ್ಟಿಗೆ ಭುಜ ತಗಲುವುದು. ಸಂಧಿಯ ಹಿಂದೆ ಎಲ್ಲಿಯೇ ಕೆಟ್ಟರೂ ಎರಡು ಕಣ್ಣುಗಳಲ್ಲಿಯೂ ಒಂದೇ ಪಕ್ಕ ಲೋಪವಾಗುವುದು. ಕಣತಲೆಯ ಒಳಗಿನ ಮಿದುಳಿನಲ್ಲಿ ಮುಂದಕ್ಕೆ ಬಳಸಿ ಬರುವ ತಂತುಗಳಷ್ಟೇ ಕಡಿದರೆ, ಆ ಪಕ್ಕದ ಮೇಲಿನ ಕಾಲುಭಾಗ ಮಾತ್ರ.

ಮೊದಲನೆಯ ಮಹಾಯುದ್ಧದ ಗಾಯಾಳುಗಳನ್ನು ಪರೀಕ್ಷಿಸಿದ ಗಾರ್ಡನ್ ಹೋಮ್ಸ್ ಎಂಬ ವೈದ್ಯನು, 1916ರಲ್ಲಿ ವಿಲಿಯಂ ಲಿಸ್ಟರನೊಡನೆಯೂ 1918ರಲ್ಲಿ ತಾನೊಬ್ಬನೇ ಆಗಿಯೂ, ನೋಟದ ಯಾವ ಭಾಗಕ್ಕೆ ಮಿದುಳಿನ ಯಾವ ಎಡೆ ಎಂಬ ಈ ನಕ್ಷೆಯನ್ನು ಇನ್ನಷ್ಟು ಸ್ಫುಟಗೊಳಿಸಿದನು. ನೋಟದ ಮೇಲ್ಭಾಗವು ಹಿಂತಲೆಯ ಮಿದುಳಿನಲ್ಲಿರುವ ಒಂದು ಸೀಳಿನ ಕೆಳದಂಡೆಯಲ್ಲಿಯೂ, ಕೆಳಭಾಗವು ಮೇಲ್ದಂಡೆಯಲ್ಲಿಯೂ ನೆಲೆಸಿರುವುವು. ಅಕ್ಷರವನ್ನೋದುವ ಪುಟ್ಟ ನಡುಭಾಗಕ್ಕಾದರೋ, ತನ್ನ ಗಾತ್ರಕ್ಕೆ ಮೀರಿದ ವಿಸ್ತಾರವಾದ ಪ್ರದೇಶವು ತುತ್ತತುದಿಯ ಹಿಂಬದಿಯಲ್ಲಿ ಮೀಸಲಾಗಿದೆ.

ಈ ಜ್ಞಾನದ ಬೆಲೆ ತಿಳಿಯುವುದು ರೋಗಿಯ ಮಾತನ್ನು ಕೇಳುವಾಗ. ಪಾರ್ಶ್ವವಾಯುವಿನಿಂದ ಬಲಪಕ್ಕದ ನೋಟ ಕಳೆದುಕೊಂಡವನು “ಬಲಗಣ್ಣು ಹೋಯಿತು” ಎಂದೇ ದೂರುವುದು ಸಾಮಾನ್ಯ. ಲುಪ್ತವಾದ ಎಡೆಯಲ್ಲಿ ಅನೇಕ ವೇಳೆ ಕತ್ತಲೆಯೂ ತೋರದ ಕಾರಣ, ಸಾಲಿನ ಕೊನೆಯ ಪದಗಳು ತಪ್ಪಿಹೋದಾಗಲೇ, ಬಲಗಡೆಯ ವಾಹನವು ಹಠಾತ್ತಾಗಿ ಎದುರಾದಾಗಲೇ ಅವನಿಗೆ ಊನದ ಅರಿವಾಗುವುದು. ಒಂದೊಂದೇ ಕಣ್ಣನ್ನು ಮುಚ್ಚಿಸಿ, ರೋಗಿಯ ದೃಷ್ಟಿಯನ್ನು ತನ್ನ ಮೂಗಿನ ಮೇಲೆ ನಿಲ್ಲಿಸಿ, ಅಂಚಿನಿಂದ ಬೆರಳಾಡಿಸುತ್ತ ಬರುವ ವೈದ್ಯನಿಗೆ ಸತ್ಯವು ಕೆಲವೇ ನಿಮಿಷಗಳಲ್ಲಿ ಹೊರಬೀಳುವುದು: ಎರಡು ಕಣ್ಣುಗಳಲ್ಲಿಯೂ ಬಲಭಾಗವೇ ಕಾಣದಿದ್ದರೆ, ಚಿಕಿತ್ಸೆ ನಡೆಯಬೇಕಾದುದು ಕಣ್ಣಿಗಲ್ಲ, ಎಡಮಿದುಳಿಗೆ.